ಬೇರು ಸಹಿತ ಕಿತ್ತ ಮಡಹಾಗಲ

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿಗೆ ಬಂದವರೆಲ್ಲ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹೆಗ್ಗಣ ಸತ್ತಿರಬೇಕೆಂದು ಅಟೆಂಡರ್ ಎರಡು ದಿನ ಕಪಾಟುಗಳನ್ನೆಲ್ಲ ಸರಿಸಿ ಹುಡುಕಿದ. ಹೆಗ್ಗಣ ಸಿಗಲಿಲ್ಲ. ಮೂರನೆಯ ದಿನ ಅವನು ಗೋಡೆ ಬದಿಯ ಶಹಾಬಾದಿ ಫರಸಿ ಕಲ್ಲೊಂದನ್ನು ಎತ್ತಿದ. ಕೆಳಗಿದ್ದ ಹಳೆಯ ಪೇಪರಿನ ಕಟ್ಟಿನಿಂದ ಕಂದು ಬಣ್ಣದ ನೀರು ಒಸರಿ ನೆಲಕ್ಕಿಳಿಯಿತು, ಅದರ ಹಿಂದೆ ಬಿಳಿ ಹುಳುಗಳು ಮಿಸುಕಿದವು. ನಾನು ಹೊರಗೆ ಓಡಿ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ. ಕೊಳೆತದ್ದು ಮಡಹಾಗಲದ ಗಡ್ಡೆಗಳು. ಅವನ್ನು ಅಲ್ಲಿ ಒತ್ತಿಡಿಸಿದ್ದು ನಾನೇ.

ನಾನು ಸೇಡಂನಲ್ಲಿ ಬಿ.ಎಸ್‌ಸಿ. ಹುಡುಗ ಹುಡುಗಿಯರಿಗೆ ಸಸ್ಯಶಾಸ್ತ್ರ ಕಲಿಸುವವಳು. ಪ್ರತಿ ವರ್ಷ ಅವರು ಗಿಡ ಬಳ್ಳಿಗಳನ್ನು ತಂದು, ಪೇಪರಿನ ನಡುವೆ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಹೆಸರು ಬರೆದು ಒಪ್ಪಿಸಬೇಕು. ಹರ್ಬೇರಿಯಂ ಎಂದು ಅದಕ್ಕೆ ಹೆಸರು. ಬೇರೆ ಕಡೆ ಅದಕ್ಕೆ ಮರದ ಪ್ರೆಸ್ಸು, ಬೆಲ್ಟು ಇರುತ್ತವಂತೆ. ನಮ್ಮಲ್ಲಿ ಮನೆ ಕಟ್ಟಿ ಉಳಿದ ಫರಸಿ ಕಲ್ಲುಗಳಿವೆ. ಕೆಳಗೊಂದು ಕಲ್ಲು, ಮೇಲೊಂದು ಕಲ್ಲು, ನಡುವೆ ಗಿಡ. ಶಹಾಬಾದಿನ ಹುಡುಗರು ಕಲ್ಲು ನೋಡಿದ ಕೂಡಲೇ ಇದು ಯಾವ ಗಣಿಯದು ಅಂತ ಹೇಳುತ್ತಾರೆ, ಕಲ್ಲಿನ ಕೆಳಗಿನ ಗಿಡದ ಹೆಸರು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಮೊದಲೆಲ್ಲ ಅವರು ಮಾಡುತ್ತಿದ್ದ ಮೋಸ ನೋಡಿದರೆ ಮೈ ಉರಿಯುತ್ತಿತ್ತು. ವಾಡಿ ಸ್ಟೇಷನ್ನಿನ ಎದುರು ಬೆಳೆದ ಕಾಗದದ ಹೂವಿನ ಕೊಂಬೆ, ಚಿತ್ತಾಪುರದಲ್ಲಿ ಯಾರದೋ ಮನೆ ಅಂಗಳದ ದಾಸವಾಳ, ಬಸ್ಸಿನ ಕಿಟಕಿಯಿಂದ ಕೈ ಚಾಚಿ ಹರಿದುಕೊಂಡ ಟೊಂಗೆ. ಅದೇ ಟೊಂಗೆಯನ್ನು ನಾಲ್ವರು ನಾಲ್ಕು ತುಂಡು ಮಾಡಿ ನಾಲ್ಕು ಹಾಳೆಗೆ ಅಂಟಿಸಿ, ನಾಲ್ಕು ಬೇರೆ ಊರುಗಳ ಹೆಸರು ಬರೆದು ತರುತ್ತಿದ್ದರು. ಈ ಹೊಲಸಿಗೆ ಬೇಸತ್ತು ಒಂದು ವರ್ಷ ನಾನು ಹಟಕ್ಕೆ ಬಿದ್ದೆ. ಬೇರು ಸಹಿತ ಗಿಡ ಇಲ್ಲದ ಹಾಳೆಗೆ ಅಂಕವಿಲ್ಲ ಎಂದು ಬೋರ್ಡಿನ ಮೇಲೆ ಬರೆದೆ. ಅಂದಿನಿಂದ ಮೋಸ ನಿಂತಿತು. ಹುಡುಗರು ಗುದ್ದಲಿ ಹಿಡಿದರು. ಇದನ್ನು ನಾನು ಇತರ ಮೇಷ್ಟ್ರುಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಅಗೆಯಲು ಜಾಗ ಬೇಕಲ್ಲ. ಚಿಂಚೋಳಿಯ ಅಡವಿಯ ಒಳಗೆ ಒಂದು ಎಲೆ ಮುಟ್ಟುವುದಕ್ಕೂ ಅನುಮತಿ ಪತ್ರ ಬೇಕು, ಅದು ನ್ಯಾಯವೇ. ಹಾಗಾಗಿ ನಾವು ಅಡವಿಯನ್ನು ಕಣ್ಣಿಂದ ನೋಡಿ, ಕಣ್ಣಿಗೆ ಕಂಡದ್ದನ್ನು ಅಡವಿಯ ಹೊರಗೆ ಅಗೆಯುತ್ತಿದ್ದೆವು. ಹೊರಗೆ ಎಂದರೆ ನನ್ನ ಅಕ್ಕನ ಹೊಲ. ಚಿಮ್ಮನಚೋಡದ ಆಚೆ, ಅಡವಿಗೆ ಹತ್ತಿಕೊಂಡೇ ಅವಳ ಹೊಲ ಇದೆ. ಹೊಲಕ್ಕೂ ಅಡವಿಗೂ ನಡುವೆ ಕೆಂಪು ಗರಸು ಮಣ್ಣಿನ ಒಂದು ಉದ್ದ ಪಟ್ಟಿ. ಆ ಪಟ್ಟಿಯ ಮೇಲೆ ನಮ್ಮ ಅವ್ವನ ಕಾಲದಿಂದ ನೇಗಿಲು ಹರಿದಿಲ್ಲ, ಕುಂಟೆ ಆಡಿಲ್ಲ. ಅಕ್ಕನಿಗೆ ಅನುಮತಿ ಪತ್ರ ಯಾಕೆ? ಒಂದು ಫೋನು ಸಾಕು. ಹುಡುಗರಿಗೆಲ್ಲ ಮಜ್ಜಿಗೆ ಮಾಡಿ ಇಟ್ಟಿರುತ್ತಿದ್ದಳು.

ಆ ಪಟ್ಟಿಯಲ್ಲಿ ಏನಿತ್ತು ಎಂದು ಕೇಳಿದರೆ ಏನಿರಲಿಲ್ಲ ಎಂದೇ ಕೇಳಬೇಕು. ಬೇಲಿಯ ಮುಳ್ಳಿನ ಮೇಲೆ ಮಂಗರವಳ್ಳಿ. ಅದರ ಚೌಕದ ಕಾಂಡ ಹಿಂಡಿದರೆ ಏಪ್ರಿಲ್‌ನಲ್ಲೂ ಅಂಟು ನೀರು ಬರುತ್ತದೆ, ಅದು ನೀರನ್ನು ಮೈಯಲ್ಲೇ ಇಟ್ಟುಕೊಂಡು ಬಿಸಿಲು ಕಳೆಯುವ ಜಾತಿ. ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ಬುಡ ಕಡಿದರೂ ಮೇಲಿಂದ ದಾರದಂಥ ಬೇರು ಇಳಿಸಿ ಮತ್ತೆ ನೆಲ ಹುಡುಕಿಕೊಳ್ಳುವ ಮೊಂಡು. ಬೀಜ ಉದುರಿಸಿ ಬೇಸಿಗೆಗೆ ಒಣಕಲು ಕಡ್ಡಿಯಾಗುವ ಗುಲಗಂಜಿ. ನೆಲದ ಮೇಲೆ ದಾರದಷ್ಟೇ ಕಂಡರೂ ಕೆಳಗೆ ಬೇರನ್ನು ಎಲ್ಲೆಲ್ಲಿಗೋ ಓಡಿಸುವ ಸೊಗದೆ. ಇನ್ನು ಮಡಹಾಗಲ. ಕಾರ್ತಿಕ ಕಳೆಯಿತೆಂದರೆ ಅದು ಇತ್ತೆಂಬ ಗುರುತೂ ಉಳಿಯುವುದಿಲ್ಲ. ಎಲೆ ಇಲ್ಲ, ಕಾಂಡ ಇಲ್ಲ, ಕಾದ ಗರಸಷ್ಟೇ. ಕೆಳಗೆ ಗಡ್ಡೆ ಸುಮ್ಮನೆ ಮಲಗಿರುತ್ತದೆ. ಮೃಗಶಿರದ ಮಳೆ ಎರಡು ಬಾರಿ ಸರಿಯಾಗಿ ಬಿದ್ದರೆ ಸಾಕು, ಎದ್ದು ಬರುತ್ತದೆ.

ಶ್ರಾವಣದಲ್ಲಿ ಅದರ ಮುಳ್ಳು ಮುಳ್ಳಾದ ಸಣ್ಣ ಹಸಿರು ಕಾಯಿಗಳನ್ನು ಅಕ್ಕ ಬಿಡಿಸುತ್ತಾಳೆ. ಶೇಂಗಾ ಪುಡಿ ಹಾಕಿದ ಅದರ ಪಲ್ಯ, ಜೋಳದ ರೊಟ್ಟಿ. ಉಳಿದ ಕಾಯಿ ಚಿಂಚೋಳಿಯ ಸಂತೆಗೆ ಹೋಗುತ್ತದೆ. ತೆಲಂಗಾಣದ ಕಡೆಯಿಂದ ಬಂದವರು ತಮ್ಮ ತೆಲುಗಿನಲ್ಲಿ ಬೋಡಕಾಕರ, ಬೋಡಕಾಕರ ಎಂದು ಮುಗಿಬಿದ್ದು ಒಯ್ಯುತ್ತಾರೆ. ಗಡ್ಡೆಗಳನ್ನು ಅಡವಿಯಿಂದ ತಂದು ಹಚ್ಚಿದವಳು ನಮ್ಮ ಅವ್ವ. ಅವ್ವ ಹೋದ ಮೇಲೆ ಅಕ್ಕ ಅವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾಯಲೇಬೇಕಿತ್ತು, ಏಕೆಂದರೆ ಅವಳ ಮಗನಿಗೆ ಆ ಪಟ್ಟಿಯ ಮೇಲೆ ಕಣ್ಣಿತ್ತು. ಅವನು ಕೆಟ್ಟವನಲ್ಲ. ಟ್ರ್ಯಾಕ್ಟರ್ ಇಟ್ಟುಕೊಂಡಿರುವ, ದುಡಿಯುವ ಮನುಷ್ಯ. ಅಷ್ಟು ಉದ್ದದ ನೆಲ ಉಳದೆ ಪಡ ಬಿದ್ದದ್ದು ಅವನಿಗೆ ಸಹನೆಯಾಗುತ್ತಿರಲಿಲ್ಲ. ಹರಗಿ ಹದ ಮಾಡಿದರೆ ತೊಗರಿ ಬರುತ್ತದೆ ಎನ್ನುತ್ತಿದ್ದ. ಕೊನೆಗೆ ತಾಯಿ ಮಗನ ನಡುವೆ ಒಂದು ಒಪ್ಪಂದವಾಗಿತ್ತು: ಪ್ರತಿ ಮಳೆಗಾಲ ಕಾಯಿ ಬರುತ್ತಿರುವತನಕ ಪಟ್ಟಿ ಅಕ್ಕನದು. ಕಾಯಿ ಬರುವುದು ನಿಂತ ವರ್ಷ ಟ್ರ್ಯಾಕ್ಟರ್ ಇಳಿಯುತ್ತದೆ. ಇದು ನನಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ ಎನ್ನುವುದನ್ನು ನೆನೆದಾಗೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೋದ ಶ್ರಾವಣದ ಆರಂಭದಲ್ಲಿ ಎಂಟು ಗುಂಪು ಮಾಡಿ ಮಕ್ಕಳನ್ನು ಕರೆದುಕೊಂಡು ಹೋದೆ. ಕೋಡ್ಲಾದ ಕಡೆಯಿಂದ ಬಂದವರು, ಮಳಖೇಡದವರು, ವಾಡಿಯಿಂದ ರೈಲು ಹಿಡಿದು ಬಂದವರು ಎಲ್ಲ ಒಂದೇ ಬಸ್ಸಿನಲ್ಲಿ. ದಾರಿಯುದ್ದಕ್ಕೂ ಮೊಬೈಲಿನ ಹಾಡು, ಚಿಪ್ಸಿನ ಪೊಟ್ಟಣ, ತಿರುವಿನಲ್ಲಿ ಇಬ್ಬರ ವಾಂತಿ. ಅಡವಿಯ ಅಂಚಿಗೆ ಇಳಿದು ನಾನು ಪಾಠ ಶುರುಮಾಡಿದೆ. ಒಣ ಅಡವಿಯಲ್ಲಿ ಮರಕ್ಕಿಂತ ಬಳ್ಳಿಯ ಬದುಕು ಜಾಣತನದ್ದು, ಮರ ತನ್ನ ಮೈಯನ್ನು ತಾನೇ ಹೊರಬೇಕು, ಬಳ್ಳಿ ಮಂದಿಯ ಹೆಗಲ ಮೇಲೆ ಏರಿ ಉಳಿತಾಯವನ್ನೆಲ್ಲ ನೆಲದೊಳಗೆ ಇಡುತ್ತದೆ ಎಂದೆಲ್ಲ ಹೇಳಿದೆ. ಕೇಳಿದವರು ಮೂವರು. ಉಳಿದವರು ಅವಲಕ್ಕಿ ತಿಂದು ಪ್ಲಾಸ್ಟಿಕ್ ತಟ್ಟೆಗಳನ್ನು ಅಲ್ಲೇ ಎಸೆದರು. ಬೈದು ಬೈದು ಹೆಕ್ಕಿಸಿದೆ.

ಆಮೇಲೆ ಅಗೆಯುವ ಹೊತ್ತು. ಅಕ್ಕನ ಮೇಲಿನ ಕಾಳಜಿಯಿಂದ ನಾನು ಒಂದು ಕಟ್ಟುನಿಟ್ಟು ಮಾಡಿದೆ. ಕಾಯಿ ಬಿಟ್ಟ ಮಡಹಾಗಲದ ಬಳ್ಳಿಯನ್ನು ಯಾರೂ ಮುಟ್ಟಕೂಡದು, ಕಾಯಿ ಇಲ್ಲದ್ದನ್ನಷ್ಟೇ ಅಗೆಯಬೇಕು, ಗುಂಪಿಗೆ ಒಂದೇ. ಮಕ್ಕಳು ಹುಡುಕಿದರು. ಕಾಯಿ ಇಲ್ಲದ, ಬರೀ ಹಳದಿ ಹೂವಿನ ಬಳ್ಳಿಗಳು ಸರಿಯಾಗಿ ಎಂಟೇ ಇದ್ದವು. ಸರಿಯಾಯಿತೆಂದು ನಾನು ಖುಷಿಪಟ್ಟೆ.

ಅಕ್ಕ ಮಜ್ಜಿಗೆಯ ತಂಬಿಗೆ ಹಿಡಿದು ಬಂದವಳು ನಿಂತು ನೋಡಿದಳು. ಗುದ್ದಲಿ ಬೀಳುತ್ತಿತ್ತು. ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಅವು ಎಂದೂ ಕಾಯಿ ಕೊಟ್ಟಿಲ್ಲ ಖರೆ, ತಂಗಿ. ಆದ್ರ ಅವ್ವ ಅವನ್ನ ಕೀಳಬ್ಯಾಡ ಅಂತಿದ್ಲು.”

ಯಾಕೆ ಎಂದು ಕೇಳಿದೆ. ಯಾಕೋ ತನಗೆ ಗೊತ್ತಿಲ್ಲ, ಅವ್ವ ಹೇಳಿದ್ದಳು ಅಷ್ಟೇ ಎಂದಳು. ನಾನು ನಕ್ಕೆ. ಕಾಯಿ ಕೊಡದವು ನೆಲದ ಸತ್ವ ತಿನ್ನುತ್ತವೆ, ಇವನ್ನು ತೆಗೆದರೆ ಉಳಿದವಕ್ಕೆ ಒಳ್ಳೆಯದೇ ಆಗುತ್ತದೆ ಎಂದು ಮಾತಾಡಿದೆ. ಮಾತಾಡುವುದೇ ನನ್ನ ಉದ್ಯೋಗ. ಅಕ್ಕ ತಂಗಿಯ ಓದಿಗೆ ಮರ್ಯಾದೆ ಕೊಟ್ಟು ಮಜ್ಜಿಗೆ ಹಂಚಲು ಹೋದಳು.

ಅಗೆದ ಹುಡುಗಿಯೊಬ್ಬಳು ಲೇಬಲ್ ಬರೆಯುತ್ತ, ಈ ಬಳ್ಳಿ ಇಲ್ಲಿ ಎಷ್ಟು ಪ್ರಮಾಣದಲ್ಲಿದೆ ಎಂದು ಬರೆಯಲಿ ಎಂದು ಕೇಳಿದಳು. ಸುತ್ತ ಕಣ್ಣಾಡಿಸಿದೆ. ಪಟ್ಟಿ ಹಸಿರಾಗಿ ತುಂಬಿಕೊಂಡಿತ್ತು. ಹೇರಳ ಅಂತ ಬರಿ ಎಂದೆ. ಎಂಟೂ ಗುಂಪು ಹೇರಳ ಎಂದು ಬರೆದುಕೊಂಡವು. ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಬರೆಯಬೇಕೆನ್ನುವುದು ನನ್ನ ಇನ್ನೊಂದು ಹಟ, ಅದನ್ನೂ ಪಾಲಿಸಿದರು. ನಾನು ಎಂಟಕ್ಕೂ ಸಹಿ ಮಾಡಿದೆ.

ಗಡ್ಡೆಯನ್ನು ತೆಳ್ಳಗೆ ಕೊಯ್ದು ಬೇರೆಯಾಗಿ ಒಣಗಿಸಬೇಕು. ಹೇಳಿದ್ದೆ. ಯಾರೂ ಕೊಯ್ಯಲಿಲ್ಲ. ನಾನೂ ನೋಡಲಿಲ್ಲ. ಇಡೀ ಗಡ್ಡೆಯನ್ನೇ ಪೇಪರಿನಲ್ಲಿಟ್ಟು ಕಲ್ಲು ಹೇರಿದರು, ಮೇಲೆ ಎಡೆಬಿಡದ ಮಳೆ. ಹೆಗ್ಗಣ ಸತ್ತ ನಾತ ಬಂದದ್ದು ಹಾಗೆ. ಅಷ್ಟು ಬೇಸಿಗೆಗಳನ್ನು ಕುಡಿಯಲು ಹನಿ ನೀರಿಲ್ಲದೆ ಬದುಕಿದ ಗಡ್ಡೆಯನ್ನು ನಾವು ಎರಡು ವಾರದಲ್ಲಿ ಹುಳುವಿನ ಪಾಯಸ ಮಾಡಿದ್ದೆವು. ಅಟೆಂಡರ್ ಎಲ್ಲವನ್ನೂ ಬಾಚಿ ಲ್ಯಾಬಿನ ಹಿಂದಿನ ತಿಪ್ಪೆಗೆ ಹಾಕಿ ಬಂದ. ಹೂವು, ಎಲೆ ಇದ್ದ ಭಾಗ ಹೇಗೋ ಒಣಗಿತ್ತು, ಅದನ್ನು ಮಕ್ಕಳು ಅಂಟಿಸಿ ಒಪ್ಪಿಸಿದರು. ಬೇರು ಇರಬೇಕಾದ ಜಾಗದಲ್ಲಿ ಹೆಚ್ಚಿನ ಹಾಳೆಗಳ ಮೇಲೆ ಒಂದೊಂದು ಕಂದು ಕಲೆ.

ನಾನು ಆ ಹಾಳೆಗಳಿಗೆ ಅಂಕ ಹಾಕುತ್ತ ಕೂತಿದ್ದಾಗ ಅಕ್ಕನ ಫೋನು ಬಂತು.

“ತಂಗಿ, ಹೂವು ಭಾಳ ಬಿಡ್ಲಿಕತ್ಯಾವ. ಮೊದಲ ಹಿಡಿದವು ಬಿಟ್ಟರ ಹೊಸಾದು ಒಂದೂ ಕಾಯಿ ಹಿಡೀವಲ್ದು. ಅರಳ್ತಾವ, ಹಳದಿ ಆಗಿ ಉದುರ್ತಾವ.”

ನನ್ನ ಕಣ್ಣು ಎದುರಿನ ಹಾಳೆಯ ಮೇಲಿತ್ತು. ಹೂವಿನ ಕೆಳಗೆ ಉದ್ದನೆಯ ತೆಳು ತೊಟ್ಟು, ತೊಟ್ಟಿನ ತುದಿಗೆ ದೊನ್ನೆಯಂಥ ಪುಟ್ಟ ಎಲೆ. ಎರಡನೆಯ ಹಾಳೆ ತೆಗೆದೆ, ಮೂರನೆಯದು ತೆಗೆದೆ. ಎಂಟರಲ್ಲೂ ಅದೇ ತೊಟ್ಟು, ಅದೇ ದೊನ್ನೆ. ಹೆಣ್ಣು ಹೂವಾಗಿದ್ದರೆ ಕೆಳಗೆ ಮುಳ್ಳಿನ ಮಿಡಿ ಮೊದಲೇ ಇರುತ್ತದೆ. ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಜೂನ್ ತಿಂಗಳಲ್ಲಿ ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವಳೂ ನಾನೇ. ಪಟ್ಟಿಯ ಅಷ್ಟೂ ಗಂಡು ಬಳ್ಳಿಗಳನ್ನು ಆರಿಸಿ ಆರಿಸಿ ಅಗೆಸಿದ್ದೆ. ಓದು ಬಾರದ ಅವ್ವ ಉಳಿಸಿದ್ದನ್ನು ನಾನು ಪಿಎಚ್‌ಡಿ ಹಿಡಿದು ಕಿತ್ತಿದ್ದೆ.

ಅಕ್ಕನಿಗೆ ಭಾನುವಾರ ಬರುತ್ತೇನೆಂದಷ್ಟೇ ಹೇಳಿ ಫೋನು ಇಟ್ಟೆ. ಆಮೇಲೆ ಲ್ಯಾಬಿನ ಹಿಂದಿನ ತಿಪ್ಪೆಗೆ ಹೋದೆ. ಮೂಗಿಗೆ ಸೆರಗು ಕಟ್ಟಿಕೊಂಡು ಕೋಲಿನಿಂದ ಕೆದಕಿದೆ. ಒಡೆದ ಬೀಕರು, ಕಪ್ಪೆ ಕೊಯ್ದ ತರಗತಿಯ ಹತ್ತಿ, ಊಟದ ಎಲೆ, ಅದರ ನಡುವೆ ಜಿಗಟು ಜಿಗಟಾದ ನಮ್ಮ ಗಡ್ಡೆಗಳು. ಕೋಲು ಸಾಲಲಿಲ್ಲ, ಕೈ ಹಾಕಿದೆ. ಬೆರಳಿಗೆ ತಾಗಿದ್ದು ಹಿಸುಕಿ ಹೋಗುತ್ತಿತ್ತು. ಅಟೆಂಡರ್ ದೂರ ನಿಂತು, ಮೇಡಮ್ ತಲೆ ಕೆಟ್ಟಿತೇನೋ ಎಂಬಂತೆ ನೋಡುತ್ತಿದ್ದ. ಏನು ಕಳೆದಿದೆ ಎಂದು ಕೇಳಿದ. ಉಂಗುರ ಎಂದು ಸುಳ್ಳು ಹೇಳಿದೆ. ಅವನೂ ಬಗ್ಗಿ ಹುಡುಕಲು ಬಂದಾಗ ನಿಜ ಹೇಳಬೇಕಾಯಿತು. ಕೊನೆಗೆ ಅವನಿಗೇ ಸಿಕ್ಕವು, ಯಾರೋ ಒತ್ತದೆ ಚೀಲ ಸಮೇತ ಬಿಸಾಡಿದ್ದ ಎರಡು ಗಡ್ಡೆ. ಮೇಲೆಲ್ಲ ಲೋಳೆ ಹತ್ತಿತ್ತು, ಒಳಗೆ ಮಾತ್ರ ಗಟ್ಟಿ.

ಭಾನುವಾರ ಚಿಂಚೋಳಿಯಲ್ಲಿ ಬಸ್ಸು ಬದಲಿಸಿ ಅಕ್ಕನ ಮನೆ ಮುಟ್ಟಿದೆ. ಬ್ಯಾಗಿನಲ್ಲಿ ಆ ಎರಡು ಗಡ್ಡೆ, ಬಗಲಲ್ಲಿ ಒಂದು ಹರ್ಬೇರಿಯಂ ಹಾಳೆ. ಗಂಡು ಹೂವು ಹೇಗಿರುತ್ತದೆಂದು ತೋರಿಸದೆ ನನ್ನ ತಪ್ಪು ಅವಳಿಗೆ ತಿಳಿಯುವುದಿಲ್ಲ ಎಂದು ಹಾಳೆ ತಂದಿದ್ದೆ. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಳೆಯ ಮೇಲಿನ ಕಲೆಯನ್ನು ಬೆರಳಿನಿಂದ ಮುಟ್ಟಿ, ಮೂಸಿ, ಮುಖ ಕಿವುಚಿ ಬೆರಳನ್ನು ಗೋಡೆಗೆ ಒರೆಸಿದಳು. ಆ ಮುಖ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ಅವಳ ಮಗ ಬಂದ. ಪಟ್ಟಿಯಲ್ಲಿ ಕಾಯಿ ಬರುವುದು ನಿಂತದ್ದು ಅವನಿಗೆ ಆಗಲೇ ಗೊತ್ತಿತ್ತು. ಈ ವರ್ಷ ಒಂದು ಸಲ ಬಿಡು, ತಪ್ಪು ನನ್ನದು, ಗಂಡು ಗಡ್ಡೆ ತಂದಿದ್ದೇನೆ, ಮುಂದಿನ ಮಳೆಗೆ ಕಾಯಿ ಬರುತ್ತದೆ ಎಂದು ಬೇಡಿಕೊಂಡೆ. ಅವನು ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದ. ಹೆಸರು ಓದಿದ, ದೊರೆತ ಸ್ಥಳ ಚಿಮ್ಮನಚೋಡ ಎಂದು ಓದಿದ. ಅದರ ಕೆಳಗಿನ ಸಾಲಿಗೆ ಬಂದು ನಿಂತ.

“ಚಿಗವ್ವ, ಇದು ನಿಮ್ಮದೇ ಸಹಿ ಏನ್ರಿ?”

ಹೌದು ಎಂದೆ.

“ಹೇರಳ ಅಂತ ಬರ್ದೀರಿ. ಅಷ್ಟು ಹೇರಳ ಇದ್ದದ್ದಕ್ಕ ನಮ್ಮ ಹೊಲ ಯಾಕ ಪಡ ಬೀಳ್ಬೇಕ್ರಿ?”

ಅವನು ವ್ಯಂಗ್ಯವಾಡಲಿಲ್ಲ. ಓದಿದವರು ಬರೆದದ್ದು ನಿಜವಿರಬೇಕೆಂದು ನಂಬಿಯೇ ಕೇಳಿದ. ಅದು ತಪ್ಪು ಬರಹ ಎಂದೆ. ಹಾಗಾದರೆ ಸಹಿ ಯಾಕೆ ಮಾಡಿದಿರಿ ಎಂದು ಕೇಳಿದ. ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ಹಾಳೆಯನ್ನು ನೋಡಿದಳು, ಅದರಲ್ಲೇನು ಬರೆದಿದೆ ಎಂದು ಆಗಷ್ಟೇ ಅವಳಿಗೆ ತಿಳಿದದ್ದು. ಒಪ್ಪಂದ ಒಪ್ಪಂದವೇ, ಮಳೆ ಬಿಡುವು ಕೊಟ್ಟಿದೆ, ನಾಳೆ ಹರಗುತ್ತೇನೆ ಎಂದು ಮಗ ಎದ್ದ. ಅಕ್ಕ ಒಂದು ಮಧ್ಯಾಹ್ನದ ಪುರಸೊತ್ತು ಕೇಳಿದಳು. ಅಷ್ಟನ್ನು ಅವನು ಕೊಟ್ಟ.

ಇಬ್ಬರೂ ಗುದ್ದಲಿ ಹಿಡಿದು ಪಟ್ಟಿಗೆ ಹೋದೆವು. ಹೆಣ್ಣು ಬಳ್ಳಿಗಳನ್ನು ಒಂದೊಂದಾಗಿ ಬುಡ ಬಿಡಿಸಿ, ಗಡ್ಡೆಗೆ ಪೆಟ್ಟಾಗದಂತೆ ಎತ್ತಿದೆವು. ಈ ಕೆಲಸದಲ್ಲಿ ನಾನು ನುರಿತವಳು, ಅಕ್ಕನಿಗಿಂತ ಬೇಗ ಅಗೆದೆ. ಸುತ್ತಲಿನ ಗುಲಗಂಜಿ, ಸೊಗದೆ, ಬೇಲಿಯ ಮಂಗರವಳ್ಳಿಯನ್ನು ಎತ್ತಲು ಹೊತ್ತು ಸಾಲಲಿಲ್ಲ, ಅವು ಮರುದಿನ ಟ್ರ್ಯಾಕ್ಟರಿನ ಪಾಲಾದವು. ಅಮೃತಬಳ್ಳಿಯ ಒಂದು ತುಂಡನ್ನು ಮಾತ್ರ ಅಕ್ಕ ಕಡಿದು ಬೇವಿನ ಮರದ ಮೇಲೇ ಒಗೆದಳು, ಅದಕ್ಕೆ ಅಷ್ಟು ಸಾಕು ಎಂದಳು.

ಮಗ ಬಂದು ಗಡ್ಡೆಯ ಬುಟ್ಟಿಯನ್ನು ತಾನೇ ಹೊತ್ತು ತಂದುಕೊಟ್ಟ. ದನದ ಕೊಟ್ಟಿಗೆಯ ಹಿಂದೆ, ಗೋಡೆಯ ಮಗ್ಗುಲಿಗೆ ಒಂದು ಮೊಳ ಅಗಲದ ಜಾಗವಿತ್ತು. ಗಂಜಳ ಹರಿಯುವ ಹೊಲಸು ಜಾಗ. ಅಕ್ಕ ಅದನ್ನು ಕೆತ್ತಿ ಗರಸು ಹಾಕಿ ಗಡ್ಡೆಗಳನ್ನು ಸಾಲಾಗಿ ಹೂತಳು. ಕೊನೆಗೆ ಕೈ ಚಾಚಿದಳು. ನಾನು ಬ್ಯಾಗಿನಿಂದ ನಾರುವ ಆ ಎರಡು ಗಡ್ಡೆ ತೆಗೆದು ಕೊಟ್ಟೆ. ಅವಳು ಮೂಗು ಆಚೆ ತಿರುಗಿಸಿ, ಒಂದನ್ನು ಸಾಲಿನ ಈ ತುದಿಗೆ, ಒಂದನ್ನು ಆ ತುದಿಗೆ ಇಟ್ಟು ಮಣ್ಣು ಎಳೆದಳು. ಅವು ಏಳುತ್ತವೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಮೃಗಶಿರದವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಕೈ ತೊಳೆಯಲು ನೀರು ಹಾಕುತ್ತ ಅಕ್ಕ ಒಂದೇ ಮಾತು ಅಂದಳು.

“ತಂಗಿ, ಇವು ಎಷ್ಟದಾವಂತ ಎಲ್ಲೂ ಬರೀಬ್ಯಾಡ.”

ನಾನು ಹಾಳೆಯನ್ನು ಮಡಚಿ ಬ್ಯಾಗಿಗೆ ತುರುಕಿದೆ. ಸಾಬೂನು ಹಚ್ಚಿ ಮೂರು ಸಲ ಕೈ ತೊಳೆದರೂ ಉಗುರಿನ ಸಂದಿಯ ನಾತ ಹೋಗಲಿಲ್ಲ. ಚಿಂಚೋಳಿಯಿಂದ ಬಸ್ಸು ತುಂಬಿತ್ತು, ಜನ ನಿಂತುಕೊಂಡಿದ್ದರು. ಸೇಡಂ ಬರುವತನಕ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂಡಲಿಲ್ಲ.